ಹೋಮೋಸಿಸ್ಟೀನ್, ಒಳ್ಳೆಯ ಕೊಲೆಸ್ಟ್ರಾಲ್: ಎರಡು ಅಂಕಿಗಳ ಏಳುಬೀಳು

ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ಹೆಚ್ಚಿದವರಿಗೂ, ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನುವ ಎಚ್‌ಡಿಎಲ್ ಕಡಿಮೆಯಾದವರಿಗೂ ಹೃದಯಾಘಾತದ ಸಂಭವ ಹೆಚ್ಚು. ಹೋಮೋಸಿಸ್ಟೀನ್ ಲೀಟರಿಗೆ 15 ಮೈಕ್ರೋಮೋಲ್ ದಾಟಿದರೆ ಹೆಚ್ಚು. ಎಚ್‌ಡಿಎಲ್ ಡೆಸಿಲೀಟರಿಗೆ ಗಂಡಸರಲ್ಲಿ 40, ಹೆಂಗಸರಲ್ಲಿ 50 ಮಿಲಿಗ್ರಾಂಗಿಂತ ಇಳಿದರೆ ಕಡಿಮೆ ಎಂಬುದು ರೂಢಿಯ ಲೆಕ್ಕ.

ಹೋಮೋಸಿಸ್ಟೀನ್ ಅನ್ನು 1932ರಲ್ಲಿ ಗುರುತಿಸಿದವರು ಅಮೆರಿಕದ ರಸಾಯನವಿಜ್ಞಾನಿ ವಿನ್ಸೆಂಟ್ ಡು ವಿನ್ಯೋ. ಆಹಾರದ ಪ್ರೋಟೀನಿನಲ್ಲಿರುವ ಮೆಥಿಯೋನಿನ್ ದೇಹದಲ್ಲಿ ಬಳಕೆಯಾಗುವಾಗ ಇದು ಹುಟ್ಟುತ್ತದೆ. ಫೋಲೇಟ್ ಮತ್ತು ಬಿ12 ಇದ್ದರೆ ಮತ್ತೆ ಮೆಥಿಯೋನಿನ್ ಆಗುತ್ತದೆ. ಬಿ6 ನೆರವಿನಿಂದ ಸಿಸ್ಟೀನ್ ಆಗುತ್ತದೆ. ಈ ಜೀವಸತ್ವಗಳು ಸಾಲದಾದರೆ ರಕ್ತದಲ್ಲಿ ಉಳಿದು ಏರುತ್ತದೆ.

ಇದಕ್ಕೂ ರಕ್ತನಾಳಕ್ಕೂ ನಂಟು ಕಂಡದ್ದು ಮಕ್ಕಳಲ್ಲಿ. 1933ರಲ್ಲಿ ಬಾಸ್ಟನ್ನಿನಲ್ಲಿ ಎಂಟು ವರ್ಷದ ಹುಡುಗನೊಬ್ಬ ಪಾರ್ಶ್ವವಾಯುವಿನಿಂದ ತೀರಿಕೊಂಡಿದ್ದ. ಮೂತ್ರದಲ್ಲಿ ಹೋಮೋಸಿಸ್ಟೀನ್ ಸೋರುವ ಆನುವಂಶಿಕ ಕಾಯಿಲೆ ಅವನಿಗಿತ್ತೆಂಬುದು ದಶಕಗಳ ಬಳಿಕ ಅವನ ಬಂಧುವೊಬ್ಬಳಲ್ಲಿ ಅದೇ ರೋಗ ಪತ್ತೆಯಾದಾಗ ತಿಳಿಯಿತು. ರೋಗಶಾಸ್ತ್ರಜ್ಞ ಕಿಲ್ಮರ್ ಮೆಕಲಿ ಆ ಹುಡುಗನ ಅಂಗಾಂಶವನ್ನು ಮತ್ತೆ ಪರೀಕ್ಷಿಸಿದಾಗ ಅಪಧಮನಿಗಳು ಗಡುಸಾಗಿದ್ದುದು ಕಂಡಿತು. ಬೇರೊಂದು ಕಿಣ್ವದೋಷದಿಂದ ಸತ್ತ ಎರಡು ತಿಂಗಳ ಶಿಶುವಿನ ಅಪಧಮನಿಗಳೂ ಹಾಗೆಯೇ ಗಡುಸಾಗಿದ್ದವು. ಇಬ್ಬರಿಗೂ ಸಮಾನವಾಗಿದ್ದದ್ದು ಹೋಮೋಸಿಸ್ಟೀನ್ ಏರಿಕೆಯೊಂದೇ. ನಾಳಗಳನ್ನು ಕೆಡಿಸುವುದು ಅದೇ ಎಂದು ಅವರು 1969ರಲ್ಲಿ ವಾದಿಸಿದರು. ಎಲ್ಲರ ಗಮನ ಕೊಲೆಸ್ಟ್ರಾಲಿನ ಮೇಲಿದ್ದ ಆ ಕಾಲದಲ್ಲಿ ವಾದಕ್ಕೆ ಮನ್ನಣೆ ಸಿಗಲಿಲ್ಲ. 1990ರ ದಶಕದ ಸಮೀಕ್ಷೆಗಳು ಅದಕ್ಕೆ ಮರುಜೀವ ಕೊಟ್ಟವು.

ಎಚ್‌ಡಿಎಲ್‌ಗೆ ಒಳ್ಳೆಯ ಹೆಸರು ಬಂದದ್ದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಿಂದ ನಡೆದ ಅಧ್ಯಯನದಿಂದ. ಎಚ್‌ಡಿಎಲ್ ಹೆಚ್ಚಿದ್ದವರಲ್ಲಿ ಹೃದ್ರೋಗ ಕಡಿಮೆ ಎಂದು 1977ರ ಅದರ ವರದಿ ತೋರಿಸಿತು. ನಾಳದ ಗೋಡೆಯ ಕೊಲೆಸ್ಟ್ರಾಲನ್ನು ಹೊತ್ತು ಯಕೃತ್ತಿಗೆ ತಲುಪಿಸುವ ಕೆಲಸ ಎಚ್‌ಡಿಎಲ್‌ನದು ಎಂಬ ವಿವರಣೆಯೂ ಒದಗಿತು.

ಹಾಗಾದರೆ ಒಂದನ್ನು ಇಳಿಸಿ, ಇನ್ನೊಂದನ್ನು ಏರಿಸಿದರೆ ಸಾಕಲ್ಲವೇ? 2006ರಲ್ಲಿ ಎರಡಕ್ಕೂ ಉತ್ತರ ಸಿಕ್ಕಿತು. 5,522 ಮಂದಿಯ ಹೋಪ್-2 ಪ್ರಯೋಗದಲ್ಲಿ ಫೋಲಿಕ್ ಆಮ್ಲ, ಬಿ6, ಬಿ12 ಮಾತ್ರೆಗಳು ಹೋಮೋಸಿಸ್ಟೀನ್ ಇಳಿಸಿದರೂ ಹೃದಯಾಘಾತ ತಗ್ಗಲಿಲ್ಲ. ಪಾರ್ಶ್ವವಾಯು ಮಾತ್ರ ಕೊಂಚ ಕಡಿಮೆಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟಾರ್ಸೆಟ್ರಾಪಿಬ್ ಔಷಧದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅದು ಎಚ್‌ಡಿಎಲ್ ಅನ್ನು ಶೇ 72ರಷ್ಟು ಏರಿಸಿತ್ತು, ಸಾವುಗಳೂ ಏರಿದ್ದವು. ವಂಶವಾಹಿಯಿಂದಲೇ ಎಚ್‌ಡಿಎಲ್ ಹೆಚ್ಚಿರುವವರಿಗೂ ಹೃದಯಾಘಾತದಿಂದ ವಿಶೇಷ ರಕ್ಷಣೆಯಿಲ್ಲವೆಂದು 2012ರ ಅಧ್ಯಯನ ಕಂಡುಕೊಂಡಿತು. ರೋಗದ ಜೊತೆಗೆ ಕಾಣುವುದೆಲ್ಲ ರೋಗದ ಕಾರಣವಲ್ಲ ಎಂಬ ತಿಳಿವಳಿಕೆ ಹೀಗೆ ಗಟ್ಟಿಯಾಯಿತು.

ಆದರೂ ಈ ಅಂಕಿಗಳು ವ್ಯರ್ಥವಲ್ಲ. ಏರಿದ ಹೋಮೋಸಿಸ್ಟೀನ್ ಹಲವೊಮ್ಮೆ ಬಿ12 ಕೊರತೆಯ ಸುಳಿವು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಗರ್ಭಿಣಿಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 43ರಷ್ಟು ಮಂದಿಗೆ ಬಿ12 ಕಡಿಮೆಯಿತ್ತು. ಫೋಲೇಟ್ ಕಡಿಮೆಯಿದ್ದವರು ಶೇ 4 ಮಾತ್ರ. ಸೊಪ್ಪು, ಕಾಳುಗಳಲ್ಲಿ ಫೋಲೇಟ್ ಧಾರಾಳ. ಬಿ12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ. ಕೊಪ್ಪಳ ಸೀಮೆಯ ಪುಂಡಿಪಲ್ಯ, ಹೆಸರುಕಾಳು ಮೊದಲನೆಯದನ್ನು ಕೊಟ್ಟಾವು, ಎರಡನೆಯದನ್ನಲ್ಲ.

ಎಚ್‌ಡಿಎಲ್ ಇಳಿಕೆಯ ಹಿಂದೆ ಬಹುತೇಕ ಟ್ರೈಗ್ಲಿಸರೈಡ್ ಏರಿಕೆ, ಹೊಟ್ಟೆಯ ಬೊಜ್ಜು, ಇನ್ಸುಲಿನ್‌ಗೆ ದೇಹ ಸ್ಪಂದಿಸದಿರುವುದು ಇರುತ್ತವೆ. ಇದರಲ್ಲಿ ಊಟದ ಪಾಲೂ ಇದೆ. ಕೊಪ್ಪಳ ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ಸಾಣಾಪುರ, ಗಂಗಾವತಿ ಸುತ್ತ ಭತ್ತದ ಗದ್ದೆಗಳನ್ನು ಹಬ್ಬಿಸಿತು. ಕುಷ್ಟಗಿ, ಯಲಬುರ್ಗಾದ ಒಣಭೂಮಿಯಲ್ಲಿ ಜೋಳ, ಸಜ್ಜೆ ಉಳಿದವು. ಮೈಗೆಲಸ ಕಡಿಮೆಯಾಗಿ ತಟ್ಟೆಯಲ್ಲಿ ಬಿಳಿ ಅನ್ನವೇ ತುಂಬಿದರೆ ಟ್ರೈಗ್ಲಿಸರೈಡ್ ಏರಿ ಎಚ್‌ಡಿಎಲ್ ಇಳಿಯುತ್ತದೆ. ನಡಿಗೆ, ತೂಕ ಇಳಿಕೆ, ತಂಬಾಕು ಬಿಡುವುದು ಅದನ್ನು ಸುಧಾರಿಸುತ್ತವೆ.

ಇಂದು ಚಿಕಿತ್ಸೆಯ ಗುರಿ ‘ಕೆಟ್ಟ’ ಕೊಲೆಸ್ಟ್ರಾಲ್ ಎಲ್‌ಡಿಎಲ್, ರಕ್ತದೊತ್ತಡ, ಸಕ್ಕರೆ ಕಾಯಿಲೆ ಮತ್ತು ತಂಬಾಕು. ಎಚ್‌ಡಿಎಲ್ ಅಪಾಯದ ಅಂದಾಜಿಗೆ ನೆರವಾಗುತ್ತದೆ. ಹೋಮೋಸಿಸ್ಟೀನ್ ಹೆಚ್ಚಿದ್ದರೆ ಬಿ12, ಫೋಲೇಟ್ ಕೊರತೆ ಹಾಗೂ ಮೂತ್ರಪಿಂಡದ ಸ್ಥಿತಿಯನ್ನು ಪರೀಕ್ಷಿಸಲಾಗುತ್ತದೆ.