ಕಾರಿನ ಟಾಯರು: ಯಾವ ದೇಶದ್ದು ಒಳ್ಳೆಯದು?



ಬೀಜ, ಗೊಬ್ಬರ, ಕಬ್ಬಿನ ಗೊಣ್ಣೆಹುಳುವಿನ ಮಾತು ಆಡಬೇಕಾದವನು ಇಂದು ಕಾರಿನ ಟಾಯರಿನ ಮಾತು ಎತ್ತಿಕೊಂಡಿದ್ದೇನೆ. ಇದಕ್ಕೆ ಕಾರಣವಿದೆ. ಕಬ್ಬಿನ ಬಿಲ್ಲು ಕೈಸೇರಿದ ಹೊತ್ತಿನಲ್ಲಿ ಅಥಣಿ ಸೀಮೆಯ ಒಬ್ಬ ಹಿರಿಯರು ನಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಬಂದಿದ್ದರು. ಕೇಳಿದ್ದು ಗೊಬ್ಬರದ ವಿಷಯವಾದರೂ ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಬೇರೆಯೇ ಮಾತು ತೆಗೆದರು. “ಸಾಹೇಬ್ರ, ಮಗ ಒಂದು ಹಳೇ ಕಾರು ತಂದಾನ. ನಾಕೂ ಟಾಯರ ಬದಲಿ ಮಾಡಬೇಕಾಗೇತಿ. ಒಬ್ಬಾವ ಜಪಾನದ್ದು ಹಾಕಸ್ರಿ ಅಂತಾನ. ಇನ್ನೊಬ್ಬಾವ ಚೀನಾದ್ದು ಅಗ್ಗ, ಆದ್ರ ಮುಟ್ಟಬ್ಯಾಡ್ರಿ ಅಂತಾನ. ಮತ್ತೊಬ್ಬಾವ ನಮ್ಮ ದೇಶದ್ದ ಸಾಕು ಅಂತಾನ. ಯಾರ ಮಾತು ಕೇಳೂದ್ರಿ?”

ಕಾಕಾ ಅವರಿಗೆ ಅಂದು ನಿಂತ ನಿಲುವಿನಲ್ಲಿ ಉತ್ತರ ಕೊಡಲಾಗಲಿಲ್ಲ. ನಾನು ಕೃಷಿ ಡಿಪ್ಲೊಮಾ ಓದಿದವನು, ರಬ್ಬರಿನ ಪಂಡಿತನಲ್ಲ. ಆದರೆ ಟಾಯರಿನಿಂದ ಒಮ್ಮೆ ಪೆಟ್ಟು ತಿಂದವನು. ಆ ಕಥೆ ಮುಂದೆ ಬರುತ್ತದೆ. ಈಗ ನಮ್ಮ ಅಥಣಿ, ಕಾಗವಾಡ, ರಾಯಬಾಗದ ಹಳ್ಳಿಗಳಲ್ಲಿ ಕಾರು ಇರುವ ಮನೆ ಅಪರೂಪವಲ್ಲ. ಮಿರಜಿನ ಆಸ್ಪತ್ರೆಗೆ, ವಿಜಯಪುರದ ಸಂತೆಗೆ, ಬೀಗರ ಮದುವೆಗೆ ಐದಾರು ಜನ ಕೂಡಿಯೇ ಹೋಗುತ್ತೇವೆ. ಅಷ್ಟೂ ಜನರ ಜೀವ ನೆಲಕ್ಕೆ ತಾಗಿರುವುದು ನಾಲ್ಕು ಅಂಗೈಯಷ್ಟು ರಬ್ಬರಿನಲ್ಲಿ.

ಮೊದಲನೆಯ ಮಾತು, ಹೆಸರಿಗೂ ಊರಿಗೂ ಸಂಬಂಧವಿರಲೇಬೇಕೆಂದಿಲ್ಲ. ರಬ್ಬರಿನ ಗಾಲಿಯ ಚಕ್ಕಡಿಗೆ ನಮ್ಮ ಹಿರಿಯರು ಇಂದಿಗೂ ಡನ್‌ಲಪ್ ಗಾಡಿ ಎನ್ನುತ್ತಾರೆ. 1939ರಲ್ಲಿ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದ ಮೇಲೆ ಈ ಭಾಗದ ರೈತರಿಗೆ ಕಬ್ಬು ಸಾಗಿಸುವ ಗಾಡಿ ಮನೆಯ ಸದಸ್ಯನಂತೆಯೇ ಆಯಿತು. ಗಾಳಿ ತುಂಬಿದ ಟಾಯರನ್ನು 1888ರಲ್ಲಿ ಬೆಲ್‌ಫಾಸ್ಟ್ ಪಟ್ಟಣದಲ್ಲಿ ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಮಾಡಿದವರು ಜಾನ್ ಬಾಯ್ಡ್ ಡನ್‌ಲಪ್. ವೃತ್ತಿಯಿಂದ ಅವರು ದನದ ಡಾಕ್ಟರು! ನಮ್ಮ ಪಶುಸಂಗೋಪನೆಯ ಗೆಳೆಯರಿಗೆ ಈ ಮಾತು ಹೇಳಿದರೆ ಬಹಳ ಖುಷಿ ಪಡುತ್ತಾರೆ. ಇರಲಿ. ಅವರ ಹೆಸರಿನ ಕಂಪನಿ 1936ರಲ್ಲಿಯೇ ಬಂಗಾಳದ ಸಾಹಗಂಜಿನಲ್ಲಿ ಕಾರ್ಖಾನೆ ತೆರೆದಿತ್ತು. ಅಂದರೆ ಅಜ್ಜಂದಿರು ವಿಲಾಯತಿ ಎಂದು ಹೆಮ್ಮೆಪಟ್ಟ ಎಷ್ಟೋ ಟಾಯರು ಹೂಗ್ಲಿ ನದಿಯ ದಂಡೆಯಲ್ಲಿ ತಯಾರಾದವು. ಆ ಕಾರ್ಖಾನೆಯ ಬಾಗಿಲು ಮುಚ್ಚಿ ವರ್ಷಗಳಾದವು, ಹೆಸರು ಮಾತ್ರ ಗಾಡಿಗೆ ಅಂಟಿಕೊಂಡಿದೆ.

ಸಿಯೆಟ್ ಎಂಬ ಹೆಸರು ಹುಟ್ಟಿದ್ದು ಇಟಲಿಯ ಟ್ಯೂರಿನ್ ಪಟ್ಟಣದಲ್ಲಿ. ಇಂದು ಅದು ಭಾರತದ ಕಂಪನಿ. ಬ್ರಿಜ್‌ಸ್ಟೋನ್ ಜಪಾನಿನದು, ಆದರೆ ಅದರ ಒಂದು ಕಾರ್ಖಾನೆ ಪುಣೆಯ ಹತ್ತಿರ ಚಾಕಣದಲ್ಲಿದೆ. ಜಪಾನದ್ದು ಎಂದು ಅಂಗಡಿಯವನು ತೋರಿಸುವ ಟಾಯರು ನಮ್ಮ ಪಕ್ಕದ ಜಿಲ್ಲೆಗಳನ್ನು ದಾಟಿ ಬಂದದ್ದೂ ಆಗಿರಬಹುದು. ಮೈಸೂರಿನಲ್ಲಿ ವಿಕ್ರಾಂತ್ ಟಾಯರು ತಯಾರಾಗುತ್ತಿತ್ತು. 1997ರಲ್ಲಿ ಆ ಕಾರ್ಖಾನೆ ಜೆ.ಕೆ. ಕಂಪನಿಯ ಕೈಸೇರಿತು. ಇನ್ನು ಇದರ ತಿರುವು ನೋಡಿರಿ: ಬಾಲಕೃಷ್ಣ ಇಂಡಸ್ಟ್ರೀಸ್ ಎಂಬ ನಮ್ಮ ದೇಶದ ಕಂಪನಿ ಕಚ್ಛದ ಭುಜ್ ಮುಂತಾದ ಕಡೆ ಟ್ರ್ಯಾಕ್ಟರಿನ ಟಾಯರು ಮಾಡಿ, ಬಿ.ಕೆ.ಟಿ. ಎಂಬ ಹೆಸರಿನಲ್ಲಿ ಯುರೋಪಿನ ರೈತರಿಗೆ ಮಾರುತ್ತದೆ. ನಾವು ಫಾರೀನ್ ಮಾಲು ಹುಡುಕುತ್ತಿರುವಾಗ ಫಾರೀನಿನ ರೈತ ನಮ್ಮ ಮಾಲಿನ ಮೇಲೆ ಹೊಲ ಉಳುತ್ತಿದ್ದಾನೆ.

ಟಾಯರಿನ ಒಳಗೆ ಏನಿದೆ? ಮರದ ಹಾಲಿನಿಂದ ಆದ ರಬ್ಬರು, ಪೆಟ್ರೋಲಿಯಂನಿಂದ ಮಾಡಿದ ಕೃತಕ ರಬ್ಬರು, ಕಪ್ಪು ಇಂಗಾಲದ ಪುಡಿ, ಗಂಧಕ, ಉಕ್ಕಿನ ತಂತಿ, ನೈಲಾನ್ ಅಥವಾ ಪಾಲಿಯೆಸ್ಟರ್ ಎಳೆ. ರಬ್ಬರು ಕೇರಳದ್ದಿರಬಹುದು, ನಮ್ಮ ಸುಳ್ಯದ ಕಡೆಯದ್ದಿರಬಹುದು, ಥಾಯ್ಲೆಂಡಿನದ್ದೂ ಇರಬಹುದು. ಹೀಗೆ ಹತ್ತೂರಿನ ಸಾಮಾನು ಕೂಡಿದ ಮೇಲೆ, ಟಾಯರು ಇಂಥ ದೇಶದ್ದು ಎಂದರೆ ಕೊನೆಗೆ ಅದು ಯಾವ ಕಾರ್ಖಾನೆಯ ಅಚ್ಚಿನಿಂದ ಹೊರಬಿತ್ತು ಎಂಬುದಷ್ಟೆ.

ಹಾಗಾದರೆ ಕಾರ್ಖಾನೆಗೂ ಗುಣಕ್ಕೂ ಸಂಬಂಧವಿಲ್ಲವೆ? ಇದೆ, ಗಟ್ಟಿಯಾಗಿಯೇ ಇದೆ. ಅಮೆರಿಕೆಯಲ್ಲಿ ನಡೆದದ್ದನ್ನು ಕೇಳಿರಿ. 2000ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟಾಯರುಗಳನ್ನು ಮರಳಿ ಕರೆಯಬೇಕಾಯಿತು. ಅವುಗಳಲ್ಲಿ ಬಹಳಷ್ಟು ಫೋರ್ಡ್ ಕಂಪನಿಯ ಎಕ್ಸ್‌ಪ್ಲೋರರ್ ಎಂಬ ಎತ್ತರದ ವಾಹನಕ್ಕೆ ಹಾಕಿದಂಥವು. ಓಡುತ್ತಿರುವಾಗಲೇ ಮೇಲಿನ ಗ್ರಿಪ್ಪಿನ ಪದರು ಸುಲಿದು ಬಂದು ವಾಹನ ಪಲ್ಟಿಯಾಗುತ್ತಿತ್ತು. ಅಲ್ಲಿಯ ಸರಕಾರದ ಲೆಕ್ಕದಲ್ಲಿ ಸತ್ತವರು 271 ಜನ. ದೇಶ ಯಾವುದು? ಅಮೆರಿಕೆ. ಕಂಪನಿ? ದೊಡ್ಡ ಹೆಸರಿನದು. ಅದೇ ಟಾಯರನ್ನು ಅದೇ ಕಂಪನಿ ಹಲವು ಕಾರ್ಖಾನೆಗಳಲ್ಲಿ ಮಾಡುತ್ತಿತ್ತು. ಇಲಿನಾಯ್ ರಾಜ್ಯದ ಡಿಕೇಟರ್ ಎಂಬ ಊರಿನ ಕಾರ್ಖಾನೆಯವು ಉಳಿದವುಗಳಿಗಿಂತ ಹೆಚ್ಚು ಕೆಟ್ಟವು. 1994ರಿಂದ 1996ರ ವರೆಗೆ ಅಲ್ಲಿ ಕೆಲಸಗಾರರಿಗೂ ಕಂಪನಿಗೂ ದೊಡ್ಡ ತಂಟೆ ನಡೆದು, ಹಳೆಯ ಕೈಗಳ ಬದಲು ಹೊಸ ಕೈಗಳನ್ನು ಹಚ್ಚಿದ್ದರು. ಆ ಕಾಲದ ಟಾಯರುಗಳಲ್ಲೇ ದೋಷ ಹೆಚ್ಚು ಎಂದು ಅರ್ಥಶಾಸ್ತ್ರಜ್ಞರು ಆಮೇಲೆ ಲೆಕ್ಕ ಹಾಕಿ ತೋರಿಸಿದರು.

ಇದರಲ್ಲಿ ನಮಗೆ ಹತ್ತಿರವಾದ ಇನ್ನೊಂದು ಸಂಗತಿಯಿದೆ. ಆ ಟಾಯರು ಹೆಚ್ಚಾಗಿ ಸುಲಿದದ್ದು ಟೆಕ್ಸಾಸ್, ಫ್ಲಾರಿಡಾದಂಥ ಉರಿಬಿಸಿಲಿನ ರಾಜ್ಯಗಳಲ್ಲಿ. ಆ ವಾಹನಕ್ಕೆ ಹೇಳಿದ್ದ ಗಾಳಿಯೂ ಕಡಿಮೆ, 26 ಪೌಂಡು. ದೋಷವಿದ್ದ ಟಾಯರು, ಕಡಿಮೆ ಗಾಳಿ, ತುಂಬಿದ ವಾಹನ, ಕಾದ ರಸ್ತೆ, ವೇಗ ಎಲ್ಲವೂ ಒಂದೆಡೆ ಕೂಡಿದವು. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ರಸ್ತೆಯಲ್ಲಿ ಇವುಗಳಲ್ಲಿ ಎಷ್ಟು ಕೂಡುತ್ತವೆ, ನೀವೇ ಎಣಿಸಿರಿ.

ಚೀನಾದ ಮಾತೂ ಇದೆ. 2007ರಲ್ಲಿ ಅಮೆರಿಕೆಯ ಒಬ್ಬ ಆಮದುಗಾರ ಚೀನಾದಲ್ಲಿ ಮಾಡಿದ ಟಾಯರುಗಳನ್ನು ಮರಳಿ ಕರೆಯಬೇಕಾಯಿತು. ಉಕ್ಕಿನ ಪದರುಗಳ ನಡುವೆ ಇರಬೇಕಾದ ತೆಳ್ಳನೆಯ ರಬ್ಬರಿನ ಪಟ್ಟಿ ಕೆಲವದರಲ್ಲಿ ಇರಲಿಲ್ಲ, ಕೆಲವದರಲ್ಲಿ ಸಾಕಷ್ಟು ಇರಲಿಲ್ಲ. ಹೊರಗಿನಿಂದ ನೋಡಿದರೆ ತಿಳಿಯುವಂಥದ್ದಲ್ಲ. ಇದರಿಂದ ಚೀನಾದ್ದೆಲ್ಲ ಕೆಟ್ಟದ್ದು ಎನ್ನಬಹುದೆ? ಹಾಗೆಂದರೆ ಡಿಕೇಟರಿನಿಂದ ಅಮೆರಿಕೆಯದ್ದೆಲ್ಲ ಕೆಟ್ಟದ್ದು ಎನ್ನಬೇಕಾಗುತ್ತದೆ. 2017ರಲ್ಲಿ ನಮ್ಮ ಸರಕಾರ ಚೀನಾದ ಲಾರಿ, ಬಸ್ಸುಗಳ ರೇಡಿಯಲ್ ಟಾಯರಿನ ಮೇಲೆ ಹೆಚ್ಚಿನ ಸುಂಕ ಹಾಕಿದ್ದು ಗುಣದ ಕಾರಣಕ್ಕಲ್ಲ, ಬೆಲೆ ತೀರ ಇಳಿಸಿ ಮಾರುತ್ತಾರೆ ಎಂಬ ಕಾರಣಕ್ಕೆ. ಈ ಎರಡನ್ನೂ ನಮ್ಮ ಕಟ್ಟೆಯ ಮಾತಿನಲ್ಲಿ ಕಲಸಿಬಿಡುತ್ತಾರೆ.

ಬೀಜ ಕೊಳ್ಳುವಾಗ ನಾವೇನು ಮಾಡುತ್ತೇವೆ? ಕಂಪನಿಯ ಹೆಸರನ್ನಷ್ಟೆ ನೋಡುವುದಿಲ್ಲ. ಚೀಲದ ಚೀಟಿ, ಲಾಟ್ ನಂಬರು, ಅವಧಿ ಮುಗಿಯುವ ತಾರೀಖು ನೋಡುತ್ತೇವೆ. ಟಾಯರಿಗೂ ಇದೇ ಕಣ್ಣು ಬೇಕು.

ದೇಶವನ್ನು ನೋಡಲೇಬೇಕಾದ ಸಂದರ್ಭವೂ ಒಂದಿದೆ. ಟಾಯರು ಎಲ್ಲಿ ಹುಟ್ಟಿತು ಎನ್ನುವುದಕ್ಕಿಂತ ಯಾವ ಹವೆಗೆ ಹುಟ್ಟಿತು ಎಂಬುದು ಮುಖ್ಯ. ಮಂಚು ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆಂದೇ ಬೇರೆ ಟಾಯರು ಹಾಕುತ್ತಾರೆ. ಅದರ ರಬ್ಬರು ಮೆತ್ತಗಿರುತ್ತದೆ, ಪಕ್ಕೆಯ ಮೇಲೆ ಬೆಟ್ಟದ ಚಿತ್ರ, ಅದರೊಳಗೆ ಮಂಚಿನ ಹರಳು ಇರುತ್ತದೆ. ಬಹಳ ಒಳ್ಳೆಯ ಟಾಯರು, ಅಲ್ಲಿಗೆ! ನಮ್ಮ ಬಿಸಿಲಿನ ಡಾಂಬರಿನ ಮೇಲೆ ಅದು ಬೇಗ ಸವೆದುಹೋಗುತ್ತದೆ. ಹಿಂಗಾರಿಯ ಎಂ 35-1 ಜೋಳವನ್ನು ಮುಂಗಾರಿಗೆ ಬಿತ್ತಿ, ಬೀಜ ಕೆಟ್ಟದ್ದು ಎಂದರೆ ಯಾರ ತಪ್ಪು? ಹೊರದೇಶದಿಂದ ಬಂದ ಹಳೆಯ ಟಾಯರು ಎಂದು ಯಾರಾದರೂ ಅಗ್ಗಕ್ಕೆ ಕೊಟ್ಟರೆ ಆ ಬೆಟ್ಟದ ಚಿತ್ರ ಇದೆಯೋ ಹೇಗೆ, ನೋಡಿಕೊಳ್ಳಿರಿ. ಐ.ಎಸ್.ಐ. ಮುದ್ರೆ ಇದೆಯೋ ಎಂಬುದನ್ನೂ ನೋಡಿರಿ.

ಈಗ ನನ್ನ ಕಥೆ. ಕೆಲವು ವರ್ಷದ ಹಿಂದೆ ಗಡಿಯಾಚೆಯ ಪೇಟೆಯ ಒಂದು ಅಂಗಡಿಯಲ್ಲಿ ಎರಡು ಟಾಯರು ಕೊಂಡೆ. ಮೇಲೆ ದೊಡ್ಡ ಹೆಸರು, ಹೊರದೇಶದ ಹೆಸರು, ಗ್ರಿಪ್ಪು ಹೊಸದರಂತೆ ಎದ್ದು ಕಾಣುತ್ತಿತ್ತು. ಅರ್ಧ ಬೆಲೆ. ರಸೀದಿ ಕೇಳಲಿಲ್ಲ. ಮೇ ತಿಂಗಳಲ್ಲಿ ಅವ್ವನನ್ನು ಮಿರಜಿಗೆ ತೋರಿಸಲು ಕರೆದೊಯ್ಯುವಾಗ ಕಾಗವಾಡ ದಾಟಿದ ಮೇಲೆ ಹಿಂದಿನ ಗಾಲಿಯಿಂದ ಡಬಡಬ ಸದ್ದು ಬಂತು. ಇಳಿಯುವಷ್ಟರಲ್ಲಿ ಗ್ರಿಪ್ಪಿನ ಪದರು ಮೊಳದಷ್ಟು ಸುಲಿದು ಜೋತಾಡುತ್ತಿತ್ತು. ನಿಧಾನ ಹೊರಟಿದ್ದೆವು, ಬದುಕಿದೆವು. ಡಾಕ್ಟರ ಪಾಳಿ ತಪ್ಪಿ ಅವ್ವ ಸಂಜೆಯ ತನಕ ಬಾಕಿನ ಮೇಲೆ ಕುಳಿತಳು. ಪಂಕ್ಚರ್ ಅಂಗಡಿಯ ಹುಡುಗ ಪಕ್ಕೆ ಒರೆಸಿ ನಾಲ್ಕು ಅಂಕಿ ತೋರಿಸಿದ. “ಅಣ್ಣಾರ, ಇದು ಒಂಬತ್ತು ವರ್ಷದ ಮುದುಕ ಐತ್ರಿ.” ಡಿಪ್ಲೊಮಾ ಓದಿದ ನನಗೆ ಅಂದಿನ ತನಕ ಆ ಅಂಕಿ ಗೊತ್ತಿರಲಿಲ್ಲ.

ಆ ಅಂಕಿಯನ್ನು ಓದುವುದು ಸುಲಭ. ಟಾಯರಿನ ಪಕ್ಕೆಯಲ್ಲಿ ಒಂದು ಚಿಕ್ಕ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 1422 ಎಂದಿದ್ದರೆ 2022ನೆಯ ಇಸವಿಯ 14ನೆಯ ವಾರದಲ್ಲಿ ಮಾಡಿದ್ದು. ಒಂದು ಪಕ್ಕೆಯಲ್ಲಿ ಕಾಣದಿದ್ದರೆ ಇನ್ನೊಂದು ಪಕ್ಕೆಯಲ್ಲಿ ಹುಡುಕಬೇಕು. ರಬ್ಬರು ಓಡಿದರೆ ಸವೆಯುತ್ತದೆ, ನಿಂತರೆ ಮುಪ್ಪಾಗುತ್ತದೆ. ಬಿಸಿಲು, ಗಾಳಿ ತಾಗಿ ಬಿರುಸಾಗಿ, ಬೇಸಿಗೆಯ ಎರೆಹೊಲದಂತೆ ಬಿರುಕು ಬಿಡುತ್ತದೆ. ಮದುವೆಗೆ, ಆಸ್ಪತ್ರೆಗೆ ಮಾತ್ರ ಹೊರಬೀಳುವ ನಮ್ಮ ಮನೆಯ ಕಾರುಗಳಿಗೆ ಈ ಅಪಾಯ ಹೆಚ್ಚು. ಗ್ರಿಪ್ಪು ಹೊಸದಾಗಿಯೇ ಕಾಣುತ್ತದೆ, ಒಳಗೆ ಮುಪ್ಪು ಬಂದಿರುತ್ತದೆ. ಐದು ವರ್ಷವಾದ ಟಾಯರನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು. ಹತ್ತು ವರ್ಷ ತುಂಬಿದ್ದನ್ನು, ಕಣ್ಣಿಗೆ ಹೇಗೇ ಕಾಣಲಿ, ತೆಗೆಯಿರಿ ಎಂದು ಮಾಡುವ ಕಂಪನಿಗಳೇ ಹೇಳುತ್ತವೆ.

ಇನ್ನು ಅಳತೆ. ಸಣ್ಣ ಕಾರಿನ ಟಾಯರಿನ ಮೇಲೆ 145/80 ಆರ್ 12, ಅದರ ಮುಂದೆ 74 ಟಿ ಎಂದು ಇರುತ್ತದೆ. ಈ 74 ಎಂಬುದು ಭಾರದ ಗುರುತು: ಒಂದು ಟಾಯರು 375 ಕಿಲೋ ಹೊರಬಲ್ಲದು. ನಾಲ್ಕು ಕೂಡಿ 1500 ಕಿಲೋ, ಕಾರಿನ ಸ್ವಂತ ತೂಕವೂ ಇದರಲ್ಲೇ ಬಂತು. ಐದು ಜನ ಕುಳಿತು, ಹಿಂದೆ ಎರಡು ಚೀಲ ಜೋಳ, ಮೇಲೊಂದು ಗೊಬ್ಬರದ ಚೀಲ ಹಾಕುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಟಿ ಎಂದರೆ ಗಂಟೆಗೆ 190 ಕಿಲೋಮೀಟರಿನ ವೇಗವನ್ನು ತಾಳುವಂಥದ್ದು. ಅಷ್ಟು ಓಡಿಸಿರಿ ಎಂಬ ಅಪ್ಪಣೆಯಲ್ಲ!

ಗಾಳಿಯ ವಿಷಯದಲ್ಲಿ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕುಳಿತಿದೆ. ಬೇಸಿಗೆಯಲ್ಲಿ ಗಾಳಿ ಹಿಗ್ಗಿ ಟಾಯರು ಸಿಡಿಯುತ್ತದೆಂದು ಐದಾರು ಪೌಂಡು ಇಳಿಸಿಬಿಡುತ್ತಾರೆ. ಇದು ತಿರುವುಮುರುವು. ಗಾಳಿ ಕಡಿಮೆಯಾದಷ್ಟೂ ಪಕ್ಕೆ ಹೆಚ್ಚು ಮಡಚುತ್ತದೆ, ಮಡಚಿದಷ್ಟೂ ಕಾವು ಏರುತ್ತದೆ. ತಂತಿಯನ್ನು ಹತ್ತು ಸಲ ಬಗ್ಗಿಸಿ ಮುಟ್ಟಿ ನೋಡಿರಿ, ಬಿಸಿಯಾಗಿರುತ್ತದೆ. ಹಾಗೆಯೇ. ಡ್ರೈವರನ ಬಾಗಿಲು ತೆಗೆದರೆ ಅಲ್ಲಿಯ ಚೀಟಿಯಲ್ಲಿ ಎಷ್ಟು ಗಾಳಿ ಎಂದು ಬರೆದಿರುತ್ತದೆ. ಬೆಳಿಗ್ಗೆ, ಕಾರು ಹೊರಡುವ ಮೊದಲು, ತಣ್ಣಗಿರುವಾಗ ಅಷ್ಟು ತುಂಬಿಸಬೇಕು, ತಿಂಗಳಿಗೊಮ್ಮೆ ತಪ್ಪದೆ ನೋಡಬೇಕು. ಯಾವ ದೇಶದ ಟಾಯರೇ ಆಗಲಿ, ಕಡಿಮೆ ಗಾಳಿಯಲ್ಲಿ ಓಡಿಸಿದರೆ ಅದರ ಆಯುಷ್ಯ ನಮ್ಮ ಕೈಯಿಂದಲೇ ತಗ್ಗಿತು. ಗ್ರಿಪ್ಪಿನ ಆಳ 1.6 ಮಿಲಿಮೀಟರಿಗೆ ಇಳಿದರೆ ಬದಲಿಸುವುದು ಕಾಯಿದೆ. ಗೀರುಗಳ ತಳದಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಗ್ರಿಪ್ಪು ಅವುಗಳಿಗೆ ಸಮವಾಯಿತೆಂದರೆ ಮುಗಿಯಿತು. ಮಳೆಗಾಲದಲ್ಲಿ ಅಲ್ಲಿಯ ತನಕ ಕಾಯುವುದೂ ಬೇಡ.

ಕಾಕಾ ಅವರಿಗೆ ಇಷ್ಟನ್ನೂ ಮುಂದಿನ ಸಲ ಬಂದಾಗ ಹೇಳಿದೆ. ಕಾರಿನ ಪುಸ್ತಕದಲ್ಲಿದ್ದ ಅಳತೆಯದೇ, ಆರು ತಿಂಗಳ ಒಳಗಿನದೇ, ಭಾರತದಲ್ಲಿ ಮಾಡಿದ ನಾಲ್ಕು ಟಾಯರನ್ನು ರಸೀದಿ, ವಾರಂಟಿ ಚೀಟಿ ಸಹಿತ ಕೊಂಡರು. ದೇಶಾಭಿಮಾನದಿಂದಲ್ಲ. ಕೆಟ್ಟರೆ ಕೇಳಲು ಮಾರಿದವನು ಹತ್ತಿರದಲ್ಲೇ ಸಿಗುತ್ತಾನೆ ಎಂದು. ನಾನು ನೋಡಲು ಹೋದಾಗ ಹಿಂದಿನ ಡಿಕ್ಕಿ ತೆಗೆಸಿ ಸ್ಟೆಪ್ನಿ ನೋಡಿದೆ. ಸ್ಟೆಪ್ನಿ ಎಂಬ ಮಾತೂ ವೇಲ್ಸ್ ದೇಶದ ಒಂದು ಬೀದಿಯ ಹೆಸರಿನಿಂದ ಬಂದದ್ದೆನ್ನುತ್ತಾರೆ, ಅದಿರಲಿ. ಒಮ್ಮೆಯೂ ನೆಲಕ್ಕೆ ಇಳಿಯದ, ಕರ್ರಗೆ ಹೊಳೆಯುವ ಟಾಯರು. ಧೂಳು ಒರೆಸಿದರೆ 3109. 2009ನೆಯ ಇಸವಿಯ 31ನೆಯ ವಾರ.

“ಇದನ್ನೂ ತೆಗೀಬೇಕೇನ್ರಿ?” ಅಂದರು ಕಾಕಾ. ತೆಗೆಯಬೇಕೆಂದೆ. ಕೂಲಿಯವರ ಗಾಡಿಗಾದರೂ ಆದೀತೆಂದು ಅವರು ಅದನ್ನು ಎತ್ತಿಡಲು ಹೊರಟಾಗ, ಅದೂ ಬೇಡ, ಎಮ್ಮೆಯ ಗೋದಲಿಯ ಸುತ್ತ ಕಟ್ಟಿರೆಂದು ಹೇಳಿ ಬಂದೆ.