ನಾಲ್ಕನೆಯ ದಿನದ ಸ್ನಾನ

ಪಾಠ ಹೇಳುವವರು ತಾವೇ ಪಾಠ ಹೇಳಿಸಿಕೊಳ್ಳಬೇಕಾದ ದಿನವೂ ಒಂದು ಬರುತ್ತದೆ. ಇಪ್ಪತ್ತು ವರ್ಷಗಳ ನನ್ನ ಅಧ್ಯಾಪಕ ವೃತ್ತಿಯಲ್ಲಿ ಅಂಥ ದಿನಗಳು ಹಲವು ಬಂದು ಹೋಗಿವೆ. ಅವುಗಳಲ್ಲಿ ಒಂದು ಮಾತ್ರ ಮನಸ್ಸಿನಿಂದ ಮಾಸಿಲ್ಲ. ಅದನ್ನು ಓದುಗರ ಮುಂದಿಡಬೇಕೆಂದು ಬಹು ದಿನಗಳಿಂದ ಅಂದುಕೊಳ್ಳುತ್ತಿದ್ದೆ, ಸಂಕೋಚ ತಡೆಯುತ್ತಿತ್ತು.

ಅಂದು ಪದವಿ ತರಗತಿಯಲ್ಲಿ ಡಾ. ಅಂಬೇಡ್ಕರ್ ಅವರ ಬಾಲ್ಯವನ್ನು ಕುರಿತು ಹೇಳುತ್ತಿದ್ದೆ. ಸಾತಾರೆಯ ಶಾಲೆಯಲ್ಲಿ ಆ ಹುಡುಗ ಉಳಿದ ಮಕ್ಕಳಿಂದ ದೂರ, ತಾನೇ ತಂದ ಗೋಣಿಯ ತುಂಡಿನ ಮೇಲೆ ಕುಳಿತುಕೊಳ್ಳಬೇಕಾಗಿತ್ತು. ಶಾಲೆಯನ್ನು ಗುಡಿಸುವ ಆಳು ಆ ಗೋಣಿಯನ್ನು ಮುಟ್ಟುತ್ತಿರಲಿಲ್ಲ. ಆದ್ದರಿಂದ ಸಂಜೆ ಅದನ್ನು ಮನೆಗೆ ಒಯ್ದು ಮರುದಿನ ಮತ್ತೆ ತರಬೇಕಾಗಿತ್ತು. ಬಾಯಾರಿದರೆ ನಲ್ಲಿಯನ್ನು ತಾನೇ ತಿರುಗಿಸುವಂತಿರಲಿಲ್ಲ. ಜವಾನ ಬಂದು ತಿರುಗಿಸಬೇಕು. ಜವಾನನಿಲ್ಲದ ದಿನ ನೀರೂ ಇಲ್ಲ. ಇಷ್ಟನ್ನು ಹೇಳುವ ಹೊತ್ತಿಗೆ ತರಗತಿ ನಿಶ್ಶಬ್ದವಾಗಿತ್ತು. ಆ ನಿಶ್ಶಬ್ದದಲ್ಲಿ ನನಗೆ ನನ್ನ ಬಾಲ್ಯದ ನೆನಪಾಯಿತು. ವಿದ್ಯಾರ್ಥಿಗಳಿಗೆ ಹತ್ತಿರವಾಗಬೇಕೆಂಬ ಆಸೆಯಿಂದಲೋ ಏನೋ, “ಈ ನೋವು ಏನೆಂಬುದನ್ನು ನಾನೂ ಬಲ್ಲೆ. ತಿಂಗಳಿಗೆ ಮೂರು ದಿನ ನಾನೂ ಅಸ್ಪೃಶ್ಯಳಾಗಿಯೇ ಬೆಳೆದವಳು,” ಎಂದುಬಿಟ್ಟೆ.

ಮೂರನೆಯ ಸಾಲಿನಲ್ಲಿ ಕುಳಿತಿದ್ದ ಹುಡುಗನೊಬ್ಬ ಎದ್ದು ನಿಂತ. ಊರ ಹೊರಗಿನ ಕೇರಿಯಿಂದ ಬರುತ್ತಿದ್ದವನು, ಮಿತಭಾಷಿ. ದನಿಯಲ್ಲಿ ಸಿಟ್ಟಿರಲಿಲ್ಲ. “ಮೇಡಂ, ನಿಮಗೆ ನಾಲ್ಕನೆಯ ದಿನ ಸ್ನಾನ ಇತ್ತು,” ಎಂದಷ್ಟೇ ಹೇಳಿ ಕುಳಿತುಕೊಂಡ.

ನಾನು ಏನು ಉತ್ತರ ಕೊಟ್ಟೆನೆಂಬುದು ನೆನಪಿಲ್ಲ. ಪ್ರಾಯಶಃ ಏನನ್ನೂ ಕೊಡಲಿಲ್ಲ. ಗಂಟೆ ಹೊಡೆದದ್ದರಿಂದ ಪಾರಾದೆ.

ಮನೆಗೆ ಬಂದ ಮೇಲೆ ಆ ಮಾತು ಬೆನ್ನು ಬಿಡಲಿಲ್ಲ. ಮಲೆನಾಡಿನ ನಮ್ಮ ಹಳೆಯ ಮನೆ ಕಣ್ಣ ಮುಂದೆ ಬಂತು. ಹೊರಗಾದ ದಿನಗಳಲ್ಲಿ ಹಿತ್ತಿಲ ಕಡೆಯ ಜಗುಲಿಯೇ ನನ್ನ ಜಾಗ. ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಅಜ್ಜಿ ಮೇಲಿನಿಂದ ನೀರು ಸುರಿಯುವರು. ನಾನು ಬೊಗಸೆಯೊಡ್ಡಿ ಕುಡಿಯಬೇಕು. ತಮ್ಮ ಆಡುತ್ತ ಆಡುತ್ತ ಹತ್ತಿರ ಬಂದರೆ ಒಳಗಿನಿಂದ ಗದರಿಕೆ. ಹದಿಮೂರು ವರ್ಷದ ಹುಡುಗಿಗೆ ತನ್ನ ಮೈಯೇ ತನಗೆ ಅಪರಾಧವಾಗಿ ಕಾಣುವುದಕ್ಕೆ ಇದಕ್ಕಿಂತ ಹೆಚ್ಚೇನು ಬೇಕು? ಆ ಅವಮಾನ ಸುಳ್ಳಲ್ಲ. ಆದರೆ ಹುಡುಗ ಹೇಳಿದ್ದೂ ಸುಳ್ಳಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಬಚ್ಚಲಿನ ಹಂಡೆಯಲ್ಲಿ ಬಿಸಿನೀರು ಕಾದಿರುತ್ತಿತ್ತು. ಸ್ನಾನ ಮಾಡಿದೆನೆಂದರೆ ಒಳಮನೆ ನನ್ನದು, ಅಡುಗೆಯ ಮನೆ ನನ್ನದು, ಅಜ್ಜಿಯ ಮಡಿಲೂ ನನ್ನದು.

ಅಷ್ಟೇ ಆಗಿದ್ದರೆ ಈ ಲೇಖನವನ್ನು ಬರೆಯಬೇಕಾಗಿರಲಿಲ್ಲ. ಆ ರಾತ್ರಿ ಇನ್ನೊಂದು ನೆನಪೂ ಎದ್ದು ಬಂತು. ಅಡಿಕೆಯ ಕೊಯ್ಲಿನ ಕಾಲದಲ್ಲಿ ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದ ಮುದುಕನೊಬ್ಬನಿದ್ದ. ಅವನ ಲೋಟ ಕೊಟ್ಟಿಗೆಯ ಸೂರಿನ ಸಂದಿಯಲ್ಲಿ ಇರುತ್ತಿತ್ತು. ಅವನೇ ತೆಗೆದು, ಅವನೇ ತೊಳೆದು, ಅಂಗಳದ ಅಂಚಿನಲ್ಲಿ ಇಟ್ಟು ದೂರ ಸರಿಯುವನು. ಅದಕ್ಕೆ ಮೇಲಿನಿಂದ ಕಾಫಿ ಸುರಿಯುವ ಕೆಲಸ ನನ್ನದು. ಮೂರು ದಿನ ಬೊಗಸೆಯೊಡ್ಡಿ ಕುಳಿತಿದ್ದ ನಾನು, ಸ್ನಾನ ಮಾಡಿ ಎದ್ದ ಮರುದಿನ ಅದೇ ಕೈಯಿಂದ, ಅಜ್ಜಿ ನನಗೆ ಸುರಿಯುತ್ತಿದ್ದಷ್ಟೇ ಎತ್ತರದಿಂದ, ಅವನ ಲೋಟಕ್ಕೆ ಸುರಿಯುತ್ತಿದ್ದೆ. ಒಂದು ದಿನವಾದರೂ ಇವೆರಡನ್ನೂ ಒಟ್ಟಿಗಿಟ್ಟು ನೋಡಬೇಕೆಂದು ನನಗೆ ಹೊಳೆಯಲಿಲ್ಲ. ಪಟ್ಟ ಅವಮಾನ ಮನುಷ್ಯನನ್ನು ತಾನಾಗಿ ಮೃದುವಾಗಿಸುತ್ತದೆಂದು ನಾವು ನಂಬಿಕೊಂಡಿದ್ದೇವೆ. ನನ್ನ ಮಟ್ಟಿಗೆ ಅದು ಹಾಗೆ ಮಾಡಲಿಲ್ಲ.

ಒಂದು ತಾರತಮ್ಯವನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡುವುದು ಸರಿಯೆ, ತಪ್ಪೆ ಎಂಬ ಪ್ರಶ್ನೆ ನನಗೆ ಹುಟ್ಟಿದ್ದು ಹೀಗೆ. ತಕ್ಕಡಿಯಲ್ಲಿಟ್ಟು ತೂಗುವುದಾದರೆ ತಪ್ಪೆಂದೇ ನನಗೆ ತೋರುತ್ತದೆ. ಏಕೆಂದರೆ ಇವು ಒಂದೇ ಜಾತಿಯ ಸರಕುಗಳಲ್ಲ; ಪ್ರತಿಯೊಂದಕ್ಕೂ ತನ್ನದೇ ಆದ ನಡೆಯಿದೆ.

ಅಸ್ಪೃಶ್ಯತೆ ದೂರದಿಂದ ಕೆಲಸ ಮಾಡುತ್ತದೆ. ಊರಿಗೂ ಕೇರಿಗೂ ನಡುವೆ ಬಯಲಿದೆ; ಬಾವಿ ಬೇರೆ, ಸ್ಮಶಾನ ಬೇರೆ. ಆ ದೂರ ಹುಟ್ಟಿನೊಡನೆ ಬರುತ್ತದೆ. ಓದಿನಿಂದ, ಹಣದಿಂದ ತೊಳೆದು ಹೋಗುವುದಿಲ್ಲ. ಕೊಲಂಬಿಯದಲ್ಲಿಯೂ ಲಂಡನ್ನಿನಲ್ಲಿಯೂ ಓದಿ ಬಂದ ಅಂಬೇಡ್ಕರ್ ಅವರು 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಆ ಊರಿನಲ್ಲಿ ತಲೆಯಿಡಲು ಒಂದು ಕೋಣೆ ಸಿಗಲಿಲ್ಲ. ಪಾರಸಿ ವಸತಿಗೃಹವೊಂದರಲ್ಲಿ ತಂಗಿದ್ದವರನ್ನು, ಗುಟ್ಟು ತಿಳಿದ ಮೇಲೆ, ದೊಣ್ಣೆ ಹಿಡಿದು ಬಂದ ಗುಂಪು ಹೊರಡಿಸಿತು. ವಿದೇಶದ ವರ್ಷಗಳು ತಾನು ಅಸ್ಪೃಶ್ಯನೆಂಬುದನ್ನೇ ಮರೆಸಿಬಿಟ್ಟಿದ್ದವೆಂದು ಅವರು ಮುಂದೆ ಬರೆದುಕೊಂಡರು. ಮರೆತಿದ್ದವರಿಗೆ ಊರು ನೆನಪು ಮಾಡಿಕೊಟ್ಟಿತು.

ಹೆಣ್ಣಿನ ಮೇಲಿನ ತಾರತಮ್ಯ ಹತ್ತಿರದಿಂದ ಕೆಲಸ ಮಾಡುತ್ತದೆ. ಅದನ್ನು ನಡೆಸುವವರು ಬೇರೆ ಬೀದಿಯವರಲ್ಲ. ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುವವರೇ. ತಮ್ಮನನ್ನು ಇಂಜಿನಿಯರಿಂಗಿಗೆ ಕಳುಹಿಸಿ ನನ್ನನ್ನು ಹತ್ತಿರದ ಕಾಲೇಜಿಗೆ ಸೇರಿಸಿದ ತಂದೆಯವರು ನನ್ನನ್ನು ದ್ವೇಷಿಸುತ್ತಿರಲಿಲ್ಲ. ಪ್ರೀತಿಯಿಂದಲೇ ಹಾಗೆ ಮಾಡಿದರು. ಕೇರಿಯ ಹುಡುಗ ಸಂಜೆ ಮನೆ ಸೇರಿದರೆ ತನ್ನವರ ನಡುವೆಯಾದರೂ ತಲೆಯೆತ್ತಬಲ್ಲ. ಹೆಣ್ಣುಮಗಳಿಗೆ ಮನೆಯೇ ಆ ಜಾಗ. ಪ್ರೀತಿಸುವವರ ಮೇಲೆ ದೂರು ಹೇಳುವುದು ಹೇಗೆ? ಮಗಳಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಮಗನಂತೆಯೇ ಪಾಲೆಂದು ಹಿಂದೂ ಉತ್ತರಾಧಿಕಾರದ ಕಾನೂನು 2005ರಲ್ಲಿ ದೇಶಕ್ಕೆಲ್ಲ ಹೇಳಿತು. ಆದರೂ ಹಕ್ಕು ಬಿಡುಗಡೆಯ ಪತ್ರಕ್ಕೆ ನಗುತ್ತ ರುಜು ಹಾಕುವ ಅಕ್ಕತಂಗಿಯರನ್ನು ನಾವೆಲ್ಲ ಬಲ್ಲೆವು. ತವರಿನ ಬಾಗಿಲು ಮುಚ್ಚಬಾರದೆಂಬ ಭಯವೇ ಅವರ ಕೈ ಹಿಡಿದು ಬರೆಸುತ್ತದೆ.

ಮೂರನೆಯ ಬಗೆಯೊಂದಿದೆ, ಅದು ಕರುಣೆಯ ವೇಷದಲ್ಲಿ ಬರುತ್ತದೆ. ಇದರಲ್ಲಿಯೂ ತಪ್ಪು ನನ್ನದೇ. ಕಣ್ಣು ಕಾಣದ ವಿದ್ಯಾರ್ಥಿನಿಯೊಬ್ಬಳು ಗೆಳತಿಯ ಕೈಹಿಡಿದು ಕಾಲೇಜಿಗೆ ಸೇರಲು ಬಂದಿದ್ದಳು. ನಾನು ಗೆಳತಿಯನ್ನು ನೋಡಿ, “ಇವಳಿಗೆ ಯಾವ ವಿಷಯ ಬೇಕಂತೆ?” ಎಂದೆ. “ನನಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ, ಮೇಡಂ,” ಎಂದಳು ಆ ಹುಡುಗಿ, ನಗುತ್ತಲೇ. ಅವಳನ್ನು ಯಾರೂ ದೂರವಿಡುವುದಿಲ್ಲ. ಎಲ್ಲರೂ ರಸ್ತೆ ದಾಟಿಸಲು ಓಡಿ ಬರುತ್ತಾರೆ. ಎಲ್ಲಿಗೆ ಹೋಗಬೇಕೆಂದು ಕೇಳುವವರು ಮಾತ್ರ ಕಡಮೆ.

ಹೀಗೆ ಒಂದು ದೂರ ಸರಿಸುತ್ತದೆ, ಒಂದು ಅಪ್ಪಿಕೊಂಡು ಕಟ್ಟಿಹಾಕುತ್ತದೆ, ಇನ್ನೊಂದು ತಲೆ ಸವರಿ ಬಾಯಿ ಮುಚ್ಚಿಸುತ್ತದೆ. ಮದ್ದೂ ಒಂದೇ ಆಗಲಾರದು. ಅಸ್ಪೃಶ್ಯತೆಯನ್ನು ರದ್ದುಗೊಳಿಸಿದ ಸಂವಿಧಾನದ 17ನೆಯ ವಿಧಿ ಕೇರಿಯವರನ್ನು ಬಾವಿಗೆ ಕರೆದೊಯ್ಯಬಲ್ಲುದು. ನಗುತ್ತ ರುಜು ಹಾಕುವ ತಂಗಿಗೆ ಅದರಿಂದ ಏನು? ಆ ತಂಗಿಗೆ ಪಾಲು ಬಂದ ಮಾತ್ರಕ್ಕೆ ಕಣ್ಣಿಲ್ಲದವಳಿಗೆ ಬ್ರೈಲ್ ಪುಸ್ತಕ ದೊರೆತಂತಾಯಿತೆ?

ಆದರೆ ಬಾಗಿಲುಗಳು ಬೇರೆಯಾದರೂ ಒಳಹೊಕ್ಕ ಮೇಲೆ ಅವು ಮಾಡುವ ಹಾನಿಯಲ್ಲಿ ಒಂದು ಹೋಲಿಕೆಯಿದೆ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ವಿದುಷಿಯರು ನಡೆಸಿ, 2006ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಆರು, ಏಳನೆಯ ತರಗತಿಗಳ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹಗಳಲ್ಲಿ ದಾರಿ ಹುಡುಕುವ ಕೆಲಸ ಕೊಟ್ಟರು. ಬಿಡಿಸಿದ ಒಂದೊಂದಕ್ಕೂ ಇಷ್ಟು ಹಣವೆಂದು ಗೊತ್ತು ಮಾಡಿದರು. ಯಾರ ಜಾತಿಯನ್ನೂ ಹೇಳದೆ ಇದ್ದಾಗ ಮೇಲ್ಜಾತಿಯ ಹುಡುಗರಿಗೂ ಕೆಳಜಾತಿಯೆನಿಸಿಕೊಂಡ ಹುಡುಗರಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಬಳಿಕ ಬೇರೆ ಗುಂಪುಗಳಲ್ಲಿ ಪ್ರತಿಯೊಬ್ಬನ ಹೆಸರು, ತಂದೆಯ ಹೆಸರು, ಊರು, ಜಾತಿ ಇವನ್ನು ಎಲ್ಲರೆದುರು ಓದಿ ಹೇಳಿ ಕೆಲಸ ಕೊಟ್ಟರು. ಕೆಳಜಾತಿಯೆನಿಸಿಕೊಂಡ ಹುಡುಗರು ಬಿಡಿಸಿದ ಲೆಕ್ಕ ಇಳಿದುಹೋಯಿತು. ಯಾರೂ ಬೈದಿರಲಿಲ್ಲ, ಹೊರಗೆ ನಿಲ್ಲಿಸಿರಲಿಲ್ಲ. ಹೆಸರಿನ ಜೊತೆಗೆ ಜಾತಿಯನ್ನು ಹೇಳಿದ್ದಿಷ್ಟೆ.

ಆ ಹುಡುಗರ ಬುದ್ಧಿ ಒಂದು ಗಳಿಗೆಯಲ್ಲಿ ಕರಗಿಹೋಯಿತೆ? ಇಲ್ಲ. ಅದರ ಒಂದು ಪಾಲು ಬೇರೆ ಕೆಲಸಕ್ಕೆ ಹೋಗಿರಬೇಕೆಂದು ನನ್ನ ಊಹೆ. ಸುತ್ತಲಿನವರು ತನ್ನನ್ನು ಹೇಗೆ ನೋಡುತ್ತಿದ್ದಾರೆ, ತಾನು ಗೆದ್ದರೂ ಇವರು ಒಪ್ಪುವರೆ ಎಂಬ ಎಚ್ಚರದ ಕೆಲಸಕ್ಕೆ. ಆ ಎಚ್ಚರವನ್ನು ಹಿತ್ತಿಲ ಜಗುಲಿಯ ಮೇಲೆ ನಾನೂ ಕಂಡಿದ್ದೇನೆ; ನನ್ನ ವಿದ್ಯಾರ್ಥಿನಿ ಪ್ರತಿದಿನ ಕಾಲೇಜಿನ ಮೆಟ್ಟಿಲ ಮೇಲೆ ಕಾಣುತ್ತಾಳೆ. ಓದಿಗೆ, ಆಟಕ್ಕೆ, ಕನಸಿಗೆ ಸಲ್ಲಬೇಕಾದ ಶಕ್ತಿ ಕಾವಲಿಗೆ ಸಲ್ಲುತ್ತದೆ. ತಾರತಮ್ಯ ಕಸಿದುಕೊಳ್ಳುವ ಅನ್ನ, ಕೆಲಸ, ಜಾಗಗಳನ್ನು ಎಣಿಸಬಹುದು. ಈ ನಷ್ಟವನ್ನು ಎಣಿಸುವವರು ಯಾರು?

ಹಾಗಾದರೆ ಹೋಲಿಕೆಗೂ ಒಂದು ಉಪಯೋಗವಿದೆ. ನೊಂದವರೇ ಅದನ್ನು ನಮಗೆ ತೋರಿಸಿಕೊಟ್ಟಿದ್ದಾರೆ. ಜ್ಯೋತಿಬಾ ಫುಲೆಯವರು 1873ರಲ್ಲಿ ತಮ್ಮ ‘ಗುಲಾಮಗಿರಿ’ಯನ್ನು, ನೀಗ್ರೋ ಜನರನ್ನು ದಾಸ್ಯದಿಂದ ಬಿಡಿಸಲು ಶ್ರಮಿಸಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಅಂಬೇಡ್ಕರ್ ಅವರು 1946ರಲ್ಲಿ ಅಮೆರಿಕದ ಕರಿಯ ಜನಾಂಗದ ಮಹಾ ವಿದ್ವಾಂಸ ಡುಬಾಯ್ಸ್ ಅವರಿಗೆ ಕಾಗದ ಬರೆದು, ತಮ್ಮ ಜನರ ಸ್ಥಿತಿಗೂ ಅವರ ಜನರ ಸ್ಥಿತಿಗೂ ಇರುವ ಸಾಮ್ಯವನ್ನು ಹೇಳಿ, ವಿಶ್ವಸಂಸ್ಥೆಗೆ ನೀಗ್ರೋಗಳು ಸಲ್ಲಿಸಿದ ಮನವಿಯ ಪ್ರತಿಯನ್ನು ಬೇಡಿದರು. ಯಾರ ಗಾಯ ದೊಡ್ಡದೆಂಬ ವಾದಕ್ಕಾಗಿ ಅಲ್ಲ, ಮದ್ದನ್ನು ಹುಡುಕುವುದಕ್ಕಾಗಿ.

ಮಾರ್ಟಿನ್ ಲೂಥರ್ ಕಿಂಗ್ ಅವರ ಪ್ರಸಂಗ ಇನ್ನೂ ಹೃದ್ಯವಾದದ್ದು. 1959ರಲ್ಲಿ ಅವರು ಭಾರತಕ್ಕೆ ಬಂದಿದ್ದಾಗ ಕೇರಳದಲ್ಲಿ ದಲಿತ ಮಕ್ಕಳ ಶಾಲೆಯೊಂದಕ್ಕೆ ಹೋದರು. ಅಲ್ಲಿಯ ಮುಖ್ಯೋಪಾಧ್ಯಾಯರು ಮಕ್ಕಳಿಗೆ ಅವರನ್ನು ಅಮೆರಿಕದಿಂದ ಬಂದ ನಿಮ್ಮಂಥ ಅಸ್ಪೃಶ್ಯರೆಂದೇ ಪರಿಚಯಿಸಿದರು. ಕಿಂಗ್ ಅವರಿಗೆ ಮೊದಲು ಆಘಾತವಾಯಿತು. ಒಂದಿಷ್ಟು ಅಸಮಾಧಾನವೂ ಆಯಿತು. ಬಳಿಕ ತಮ್ಮ ನಾಡಿನಲ್ಲಿ ಬಡತನದ ಗೂಡುಗಳಲ್ಲಿ ಕೂಡಿಹಾಕಲ್ಪಟ್ಟ ಎರಡು ಕೋಟಿ ಜನರನ್ನು ನೆನೆದು, ಹೌದು, ನಾನೂ ಅಸ್ಪೃಶ್ಯನೇ ಎಂದುಕೊಂಡರಂತೆ. 1965ರಲ್ಲಿ ತಮ್ಮ ಸಭೆಯ ಮುಂದೆ ಅವರೇ ಇದನ್ನು ಹೇಳಿದರು. ಕಿಂಗ್ ಅವರಾಡಿದ ಮಾತಿಗೂ ತರಗತಿಯಲ್ಲಿ ನಾನಾಡಿದ ಮಾತಿಗೂ ಮೇಲುನೋಟಕ್ಕೆ ವ್ಯತ್ಯಾಸವಿಲ್ಲ. ಆದರೆ ಅವರಿಗೆ ಆ ಹೆಸರನ್ನು ಕೊಟ್ಟವರು ಮಕ್ಕಳ ಕಡೆಯವರು. ಅವರು ಅದನ್ನು ತಲೆಬಾಗಿ ತೆಗೆದುಕೊಂಡರು. ನಾನು ಕೇಳದೆಯೇ ಎತ್ತಿಕೊಂಡೆ. ಸೂರಿನ ಸಂದಿಯ ಲೋಟವನ್ನು ಮರೆತು ಎತ್ತಿಕೊಂಡೆ.

ಮರುದಿನ ಅದೇ ತರಗತಿಯಲ್ಲಿ ಪುಸ್ತಕ ತೆರೆಯುವ ಮೊದಲು ಆ ಲೋಟದ ಸಂಗತಿಯನ್ನು ಹೇಳಿದೆ. ಹೇಳುವುದು ಸುಲಭವಾಗಿರಲಿಲ್ಲ. ಹುಡುಗ ತಲೆ ತಗ್ಗಿಸಿ ಕೇಳುತ್ತಿದ್ದ. ಆಗ ಕಿಟಕಿಯ ಪಕ್ಕದಲ್ಲಿ, ಅದೇ ಕೇರಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದಳು. ಅದುವರೆಗೆ ತರಗತಿಯಲ್ಲಿ ಒಂದು ಮಾತನ್ನೂ ಆಡಿದವಳಲ್ಲ.

“ಮೇಡಂ, ನಮ್ಮಣ್ಣ ಓದಲಿ ಅಂತ ನಾನು ಎರಡು ವರ್ಷ ಕಾಲೇಜು ಬಿಟ್ಟು ಕೂಲಿಗೆ ಹೋದೆ. ಊರಿನವರು ನಮ್ಮಣ್ಣನನ್ನು ಹೊರಗೆ ನಿಲ್ಲಿಸಿದರು. ನನ್ನನ್ನು ಊರಿನವರೂ ನಿಲ್ಲಿಸಿದರು, ನಮ್ಮಣ್ಣನೂ ನಿಲ್ಲಿಸಿದ. ನನ್ನದನ್ನು ಯಾವ ಪಾಠದಲ್ಲಿ ಹೇಳ್ತೀರಿ?”

ಮೂರನೆಯ ಸಾಲಿನ ಹುಡುಗ ತಿರುಗಿ ಅವಳನ್ನು ನೋಡಿದ. ಅವನೂ ಏನನ್ನೂ ಹೇಳಲಿಲ್ಲ. ಹಿಂದಿನ ದಿನ ನನ್ನ ಮುಖ ಹೇಗಿದ್ದಿರಬೇಕೆಂಬುದು ಅವನ ಮುಖವನ್ನು ನೋಡಿ ನನಗೆ ತಿಳಿಯಿತು.

ಅಂದು ಪಾಠ ಮುಂದುವರಿಯಲಿಲ್ಲ. ಅವಳನ್ನು ಮುಂದಿನ ಬೆಂಚಿಗೆ ಕರೆದು, ಉಳಿದ ಹೊತ್ತೆಲ್ಲ ಅವಳು ಹೇಳಿದ್ದನ್ನು ನಾವೆಲ್ಲರೂ ಕೇಳಿದೆವು.