ಜನಕೋಪಕ್ಕೆ ಇಂಗ್ಲಿಷಿನ ಜೋಡಿಮಾತುಗಳು

ಕನ್ನಡದಲ್ಲಿ ಕೋಪವು ತಾನಾಗಿ ಬರುತ್ತದೆ. 'ಜನರಿಗೆ ಕೋಪ ಬಂತು' ಎಂದರೆ ಸಾಕು. ಇದನ್ನೇ ಪದಕ್ಕೆ ಪದವಿಟ್ಟು 'ಆ್ಯಂಗರ್ ಕೇಮ್ ಟು ದ ಪೀಪಲ್' ಎಂದು ನಮ್ಮ ಮಕ್ಕಳು ಬರೆಯುವುದುಂಟು. ವ್ಯಾಕರಣದ ತಪ್ಪು ಅದರಲ್ಲಿ ಹುಡುಕಿದರೂ ಸಿಕ್ಕದು. ಆದರೆ ಇಂಗ್ಲಿಷು ಬಲ್ಲವರು ಹಾಗೆ ಹೇಳುವುದಿಲ್ಲ. ಆ ಭಾಷೆಯಲ್ಲಿ ಹೆಚ್ಚಾಗಿ ಕೋಪಕ್ಕೆ ಕಾರಣವಾದ ಸಂಗತಿಯೇ ಕರ್ತೃಪದವಾಗಿ ಮುಂದೆ ನಿಲ್ಲುತ್ತದೆ. 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ನಡೆದುದನ್ನು ಬರೆಯುವಾಗ 'ದ ಮ್ಯಾಸಕರ್ ಸ್ಪಾರ್ಕ್ಡ್ ಔಟ್‌ರೇಜ್' ಎನ್ನುತ್ತಾರೆ. ಸ್ಪಾರ್ಕ್ ಎಂದರೆ ಕಿಡಿ. ಹತ್ಯಾಕಾಂಡವು ಕಿಡಿ ಹಾರಿಸಿತು, ದೇಶ ಉರಿಯಿತು. ರವೀಂದ್ರನಾಥ ಠಾಕೂರರು ತಮ್ಮ 'ಸರ್' ಪದವಿಯನ್ನು ಬಿಟ್ಟುಕೊಟ್ಟದ್ದು ಆಗಲೇ. 'ಸ್ಪಾರ್ಕ್' ಬದಲು 'ಪ್ರೊವೋಕ್', 'ಕಾಸ್' ಎಂದರೂ ಸರಿಯೇ. 'ಮೇಕ್ ಔಟ್‌ರೇಜ್' ಮಾತ್ರ ಸಲ್ಲದು.

ಈ ಔಟ್‌ರೇಜ್ ಎಂಬುದು 'ಔಟ್' ಮತ್ತು 'ರೇಜ್' ಸೇರಿ ಆದುದೆಂದು ಮೇಲ್ನೋಟಕ್ಕೆ ತೋರುತ್ತದೆ. ಹಾಗಲ್ಲ. ಹಳೆಯ ಫ್ರೆಂಚಿನಲ್ಲಿ 'ಊತ್ರ' ಎಂದರೆ ಆಚೆ, ಮೀರಿ. ಅದಕ್ಕೆ ಪ್ರತ್ಯಯ ಹತ್ತಿ ಬಂದ ಪದವಿದು. ಮೇರೆ ಮೀರಿದ ಕೃತ್ಯವೆಂಬುದು ಹಳೆಯ ಅರ್ಥ. ಅದನ್ನು ಕಂಡು ಹುಟ್ಟುವ ಕೋಪವೆಂಬುದು ಆಮೇಲಿನದು. ಆದುದರಿಂದ ಬಸ್ಸು ಅರ್ಧ ಗಂಟೆ ತಡವಾದುದಕ್ಕೆಲ್ಲ ಈ ಪದವನ್ನು ಖರ್ಚು ಮಾಡಬಾರದು. ಪತ್ರಿಕೆಗಳು ಮಾಡುತ್ತವೆ, ಅದು ಬೇರೆ ಮಾತು.

'ಔಟ್‌ಕ್ರೈ' ಮಾತ್ರ ನಿಜವಾಗಿಯೂ 'ಔಟ್' ಮತ್ತು 'ಕ್ರೈ' ಕೂಡಿ ಆದದ್ದು. ಬಾಯಿಬಿಟ್ಟ ಕೋಪ, ನಮ್ಮ ಕಡೆಯ ಬೊಬ್ಬೆ. ಇದರ ಹಿಂದೆ 'ಪಬ್ಲಿಕ್', ಮುಂದೆ 'ಓವರ್' ಅಥವಾ 'ಅಗೇನ್ಸ್ಟ್' ಬರುತ್ತದೆ. 1905ರ ವಂಗವಿಭಜನೆಯ ವಿರುದ್ಧ ಎದ್ದದ್ದು ಪಬ್ಲಿಕ್ ಔಟ್‌ಕ್ರೈ. 1911ರಲ್ಲಿ ವಿಭಜನೆಯನ್ನು ರದ್ದುಗೊಳಿಸಿದ ಸರಕಾರ 'ಬೌಡ್ ಟು ಪಬ್ಲಿಕ್ ಪ್ರೆಶರ್', ಅಂದರೆ ಜನರ ಒತ್ತಾಯಕ್ಕೆ ತಲೆಬಾಗಿತು.

'ಅಪ್ ಇನ್ ಆರ್ಮ್ಸ್' ಎಂಬಲ್ಲಿ ಕೈ ಎತ್ತುವ ಅರ್ಥವಿಲ್ಲ. ಇಲ್ಲಿ ಆರ್ಮ್ಸ್ ಎಂದರೆ ಆಯುಧಗಳು. ಹಾಗೆಂದು ಯಾರೂ ಆಯುಧ ಹಿಡಿದಿರಬೇಕಾಗಿಲ್ಲ. 2017ರಲ್ಲಿ ಕೇರಳ ಸರಕಾರವು ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸಲು ಹೊರಟಾಗ ಕಾಸರಗೋಡಿನ ಕನ್ನಡಿಗರು 'ಅಪ್ ಇನ್ ಆರ್ಮ್ಸ್' ಆಗಿದ್ದರು. ಹಿಡಿದದ್ದು ಫಲಕಗಳನ್ನು.

ಬಾಯಿಬಿಡದ ಕೋಪಕ್ಕೂ ಮಾತುಗಳಿವೆ. ಅಲ್ಲಿ ಎರಡು ಭಾಷೆಗಳೂ ಒಂದೇ ಒಲೆಯ ಮುಂದೆ ಕುಳಿತಂತಿವೆ. 'ಸೀದ್' ಎಂಬುದು ಕುದಿಯುವುದಕ್ಕೆ ಇದ್ದ ಹಳೆಯ ಪದ. 'ಸೀದಿಂಗ್ ವಿತ್ ಆ್ಯಂಗರ್' ಎಂದರೆ ಒಳಗೊಳಗೇ ಕುದಿಯುವುದು. 'ಸ್ಮೋಲ್ಡರಿಂಗ್ ರಿಸೆಂಟ್‌ಮೆಂಟ್' ಎಂದರೆ ಹೊಗೆಯಾಡುವ ಅಸಮಾಧಾನ. ಇವೆರಡನ್ನು ಪದಕ್ಕೆ ಪದವಿಟ್ಟು ಅನುವಾದಿಸಿದರೂ ಅಂಕ ಹೋಗುವುದಿಲ್ಲ.